ಸಹಾಯ ಬೇಕು: ಗೊದಮೊಟ್ಟೆಯ ಅಂಟು ನೋಡೋಕೆ ಮೈಕ್ರೋಸ್ಕೋಪ್ ಯಾರ ಹತ್ತಿರ ಇದೆ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮೊನ್ನೆ ಮಳೆ ಹೊಳವಾದಾಗ ಬಸಿಗಾಲುವೆಯಿಂದ ಒಂದಿಷ್ಟು ಕಪ್ಪೆ ಮೊಟ್ಟೆ ತಂದು ಗಾಜಿನ ಬಾಟಲಿಯಲ್ಲಿಟ್ಟೆ. ಇವತ್ತು ಬೆಳಿಗ್ಗೆ ನೋಡಿದರೆ ಮರಿಗಳು ಹೊರಗೆ ಬಂದಿವೆ. ಜೀರಿಗೆ ಕಾಳಿನಷ್ಟು ಉದ್ದ, ಕಪ್ಪು ಬಣ್ಣ. ಈಜುತ್ತಿಲ್ಲ. ಗಾಜಿಗೆ ತಲೆ ಅಂಟಿಸಿ, ಬಾಲ ಕೆಳಗೆ ಬಿಟ್ಟು ಸುಮ್ನೆ ನೇತಾಡುತ್ತಿವೆ. ಬಾಟಲಿ ಅಲುಗಿಸಿದರೂ ಬೀಳುವುದಿಲ್ಲ. ಒಂದನ್ನು ಹುಲ್ಲುಕಡ್ಡಿಯಿಂದ ಮೆಲ್ಲಗೆ ಸರಿಸಿದೆ, ಲೋಳೆಯ ಸಣ್ಣ ಎಳೆ ಹಿಂದೆಯೇ ಬಂತು.

"ಮಾವ, ಬಾಯಲ್ಲಿ ಕಚ್ಚಿಕೊಂಡಿದೆಯಾ?" ಅಂತ ಅಕ್ಕನ ಮಗಳು ಕೇಳಿದಳು. ಬಾಯಿ ಇನ್ನೂ ತೆರೆದೇ ಇಲ್ಲ, ಅಲ್ವಾ! ಬಾಯಿ ಮೂಡುವ ಜಾಗದ ಹತ್ತಿರ ಹೊರಚರ್ಮದ ಜೀವಕೋಶಗಳು ಉದ್ದಕ್ಕೆ ಬೆಳೆದು ಅಂಟು ಸುರಿಸುತ್ತವೆ, ಇದೇ ಅಂಟುಗ್ರಂಥಿ. ತಿನ್ನಲು ಶುರು ಮಾಡುವವರೆಗೆ ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯೇ ಊಟ. ಆಫ್ರಿಕಾದ ಜೆನೋಪಸ್ ಕಪ್ಪೆಯಲ್ಲಿ ಈ ಗ್ರಂಥಿಗೆ ನರವೂ ಇದೆ, ಅಂಟಿಕೊಂಡರೆ ಈಜು ನಿಲ್ಲುತ್ತದೆ. 1932ರಲ್ಲಿ ಶ್ಪೇಮಾನ್ ಮತ್ತು ಶೊಟ್ಟೆ ಎಂಬ ವಿಜ್ಞಾನಿಗಳು ಕಪ್ಪೆ ಭ್ರೂಣದ ಚರ್ಮವನ್ನು ನ್ಯೂಟ್ (ಕಪ್ಪೆಯ ದೂರದ ನೆಂಟ, ಬಾಲವಿರುವ ಉಭಯಚರ) ಭ್ರೂಣದ ಬಾಯಿಯ ಜಾಗಕ್ಕೆ ಕಸಿ ಮಾಡಿದರು. ನ್ಯೂಟ್ ಮರಿಗೆ ಕಪ್ಪೆಯ ಅಂಟುಗ್ರಂಥಿಯೇ ಬಂತು! ಇದನ್ನು ಹೇಳಿದ ಮೇಲೆ ಅವಳಿಗೆ ಕಣ್ಣಾರೆ ನೋಡಲೇಬೇಕಂತೆ.

ಗ್ರಂಥಿ ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ, ಹಾಗಾಗಿ ಅವಸರ. ತೀರ್ಥಹಳ್ಳಿ, ಶಿವಮೊಗ್ಗ ಕಡೆ ಯಾರ ಹತ್ತಿರವಾದರೂ ಮೈಕ್ರೋಸ್ಕೋಪ್ ಅಥವಾ ಒಳ್ಳೆ ಮ್ಯಾಕ್ರೋ ಲೆನ್ಸ್ ಇದ್ದರೆ ಒಂದು ದಿನಕ್ಕೆ ಕೊಡ್ತೀರಾ? ನಾನೇ ಬಂದು ತಗೊಂಡು ಹೋಗುತ್ತೇನೆ. ಇದು ಯಾವ ಕಪ್ಪೆ ಅಂತ ಗುರುತಿಸುವವರಿದ್ದರೆ ಫೋಟೋ ಹಾಕುತ್ತೇನೆ. ನೋಡಿದ ಮೇಲೆ ಮರಿಗಳು ವಾಪಸ್ ಅದೇ ಕಾಲುವೆಗೆ.