‘ಎಲ್ಲ ಮಕ್ಕಳೂ ಕಳಿಸುತ್ತಾರೆ’ ಎಂಬುದು ನಿಜವೇ? ಪೋಷಕರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ (ಒಬ್ಬ ತಾಯಿ, ದಾವಣಗೆರೆ): ನಮಸ್ಕಾರ ಮೇಡಂ. ನನ್ನ ಮಗಳು ಹತ್ತನೇ ತರಗತಿಯಲ್ಲಿದ್ದಾಳೆ. ಈಗಿನ ಮಕ್ಕಳೆಲ್ಲರೂ ತಮ್ಮ ಖಾಸಗಿ ಚಿತ್ರಗಳನ್ನು ಮೊಬೈಲಿನಲ್ಲಿ ಕಳಿಸಿಕೊಳ್ಳುತ್ತಾರೆ, ಇದಕ್ಕೆ ‘ಸೆಕ್ಸ್‌ಟಿಂಗ್’ ಎನ್ನುತ್ತಾರೆ, ಇದರಿಂದ ಖಿನ್ನತೆ ಬರುವುದು ಖಚಿತ ಎಂದು ಪೋಷಕರ ಸಭೆಯಲ್ಲಿ ಒಬ್ಬರು ಹೇಳಿದರು. ಅಂದಿನಿಂದ, ನಾನು ಕೋಣೆಗೆ ಕಾಲಿಟ್ಟಾಗ ಅವಳು ಫೋನನ್ನು ಮಗುಚಿ ಇಟ್ಟರೂ ಎದೆ ಧಸಕ್ಕೆನ್ನುತ್ತದೆ. ಸಂಶೋಧನೆ ಹೀಗೆಯೇ ಹೇಳುತ್ತದೆಯೇ? ಫೋನ್ ಕಿತ್ತಿಟ್ಟುಕೊಳ್ಳಬೇಕೇ?

ಉತ್ತರ (ಸಮುದಾಯ ಆರೋಗ್ಯ ವೈದ್ಯೆ): ನಮಸ್ಕಾರ ಅಮ್ಮ. ‘ಎಲ್ಲರೂ’ ಎಂಬ ಮಾತು ತಪ್ಪು, ಮತ್ತು ಅಪಾಯಕಾರಿ. ಎಲ್ಲರೂ ಮಾಡುತ್ತಾರೆಂದು ನಂಬಿದ ಮಗುವಿಗೆ ಬೇಡ ಎನ್ನುವುದು ಇನ್ನಷ್ಟು ಕಷ್ಟವಾಗುತ್ತದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಶೆರಿ ಮ್ಯಾಡಿಗನ್ ಮತ್ತು ಸಹೋದ್ಯೋಗಿಗಳು 39 ಅಧ್ಯಯನಗಳನ್ನು, ಅಂದರೆ 1,10,380 ಹದಿಹರೆಯದವರ ಉತ್ತರಗಳನ್ನು, ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಇಂಥ ಚಿತ್ರ ಅಥವಾ ಸಂದೇಶವನ್ನು ಕಳಿಸಿದವರು ಶೇ. 14.8, ಪಡೆದವರು ಶೇ. 27.4. ಎಂದರೆ ಏಳು ಮಕ್ಕಳಲ್ಲಿ ಸುಮಾರು ಆರು ಮಂದಿ ಕಳಿಸಿಯೇ ಇರಲಿಲ್ಲ. ಹುಡುಗರು ಹೆಚ್ಚು, ಹುಡುಗಿಯರು ಕಡಿಮೆ ಎಂಬ ವ್ಯತ್ಯಾಸವೂ ಅಲ್ಲಿ ಕಾಣಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಅದೇ ವಿಶ್ಲೇಷಣೆಯ ಇನ್ನೊಂದು ಅಂಕಿ: ಶೇ. 12ರಷ್ಟು ಮಕ್ಕಳು ಬೇರೆಯವರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಮುಂದಕ್ಕೆ ಕಳಿಸಿದ್ದರು. ಟೆಕ್ಸಾಸ್‌ನ ಏಳು ಶಾಲೆಗಳ 948 ವಿದ್ಯಾರ್ಥಿಗಳ ಕುರಿತ 2012ರ ಅಧ್ಯಯನದಲ್ಲಿ, ‘ಚಿತ್ರ ಕಳಿಸು’ ಎಂದು ಕೇಳಿಸಿಕೊಂಡವರು ಅರ್ಧಕ್ಕಿಂತ ಹೆಚ್ಚಿದ್ದರು. ಹಾಗೆ ಕೇಳಿದ್ದು ಬಹುತೇಕ ಹುಡುಗಿಯರಿಗೆ ಹಿಡಿಸಿರಲಿಲ್ಲ. ಕೇಳಿ ಪೀಡಿಸುವುದು, ನಂಬಿ ಕೊಟ್ಟದ್ದನ್ನು ಹಂಚುವುದು, ಆಮೇಲೆ ಅದನ್ನೇ ಹಿಡಿದು ಬೆದರಿಸುವುದು: ಹಾನಿಯ ದೊಡ್ಡ ಪಾಲು ಇಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಖಿನ್ನತೆಯ ಮಾತಿಗೆ ಬರುತ್ತೇನೆ. ಅದೇ ತಂಡದ 2019ರ ವಿಶ್ಲೇಷಣೆಯಲ್ಲಿ ಸೆಕ್ಸ್‌ಟಿಂಗ್‌ಗೂ ಖಿನ್ನತೆ, ಆತಂಕ, ಮಾದಕವಸ್ತುಗಳ ಬಳಕೆಗೂ ಸಂಬಂಧ ಕಂಡಿದೆ, ಚಿಕ್ಕ ವಯಸ್ಸಿನವರಲ್ಲಿ ಅದು ಇನ್ನೂ ಗಾಢವಾಗಿದೆ. ಆದರೆ ಎರಡೂ ಜೊತೆಗಿರುವುದರಿಂದ ಒಂದರಿಂದಲೇ ಇನ್ನೊಂದು ಬಂತೆನ್ನಲಾಗದು. ಮೊದಲೇ ಕುಗ್ಗಿದ ಮಗು ಯಾರದೋ ಮೆಚ್ಚುಗೆಗಾಗಿ ಚಿತ್ರ ಕಳಿಸಿರಬಹುದು. ನನ್ನ ಬಳಿ ಬಂದಿದ್ದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೊಟ್ಟೆನೋವೆಂದು ಮೂರು ವಾರ ಶಾಲೆಗೆ ಹೋಗಿರಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಏನೂ ಇರಲಿಲ್ಲ. ತಾಯಿ ಹೊರಗೆ ಹೋದ ಮೇಲೆ, ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ, ‘ಅಮ್ಮನಿಗೆ ಗೊತ್ತಾದರೆ ಶಾಲೆ ಬಿಡಿಸುತ್ತಾರೆ’ ಎಂದಳು. ಚಿತ್ರ ಹಂಚಿದವನಿಗಿಂತ ಮನೆಯವರ ಭಯವೇ ಅವಳಿಗೆ ದೊಡ್ಡದಾಗಿತ್ತು. ಆದ್ದರಿಂದ ಫೋನ್ ಕಿತ್ತುಕೊಳ್ಳಬೇಡಿ. ‘ಯಾರಾದರೂ ನಿನ್ನ ಫೋಟೋ ಕೇಳಿ ಪೀಡಿಸಿದರೆ, ಒಂದು ವೇಳೆ ನೀನು ಕಳಿಸಿಬಿಟ್ಟಿದ್ದರೂ, ಮೊದಲು ನನಗೆ ಹೇಳು, ಬೈಯುವುದಿಲ್ಲ’ ಎಂದು ಇವತ್ತೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ಪ್ರಶ್ನೆ (ಒಬ್ಬ ತಂದೆ, ಹಾಸನ): ಮೇಡಂ, ನನ್ನ ಮಗನ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಸಹಪಾಠಿ ಹುಡುಗಿಯೊಬ್ಬಳ ಚಿತ್ರ ಬಂದಿದೆ. ಅವನೇ ಬಂದು ಹೇಳಿದ. ಸಾಕ್ಷಿಗಾಗಿ ಅದನ್ನು ಮುಖ್ಯೋಪಾಧ್ಯಾಯರಿಗೆ ಕಳಿಸಲೇ?

ಉತ್ತರ: ದಯವಿಟ್ಟು ಯಾರಿಗೂ ಕಳಿಸಬೇಡಿ, ಸ್ಕ್ರೀನ್‌ಶಾಟ್ ಕೂಡ ತೆಗೆಯಬೇಡಿ. ಹದಿನೆಂಟು ತುಂಬದವರ ಇಂಥ ಚಿತ್ರವನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಬಾರಿಗೇ ಐದು ವರ್ಷದವರೆಗೆ ಸೆರೆ, ಹತ್ತು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಇಂಥ ಚಿತ್ರವನ್ನು ಅಳಿಸದೆ, ದೂರನ್ನೂ ಕೊಡದೆ ಇಟ್ಟುಕೊಳ್ಳುವುದು, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 15ನೇ ಸೆಕ್ಷನ್ ಅಡಿ ತೊಂದರೆಗೆ ದಾರಿ ಎಂಬುದನ್ನು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬಿಗಿಯಾಗಿ ವಿವರಿಸಿದೆ. ಗುಂಪಿನ ಹೆಸರು, ಕಳಿಸಿದವರ ಫೋನ್ ನಂಬರ್, ದಿನ ಮತ್ತು ಸಮಯವನ್ನು ಕಾಗದದ ಮೇಲೆ ಬರೆದುಕೊಂಡು ಇಂದೇ ಪೊಲೀಸರಿಗೆ ತಿಳಿಸಿ. ಚಿತ್ರವನ್ನು ಅಳಿಸುವ ವಿಷಯದಲ್ಲಿ ಅವರು ಹೇಳಿದಂತೆ ಮಾಡಿ. ಮಕ್ಕಳ ಸಹಾಯವಾಣಿ 1098, ಸೈಬರ್ ಸಹಾಯವಾಣಿ 1930. ಪೋಕ್ಸೊದ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ತಿಳಿಸಲೇಬೇಕು, ಶಾಲೆಗೂ ಈ ಹೊಣೆ ಇದೆ.

ತಾನಾಗಿ ಬಂದು ಹೇಳಿದ ನಿಮ್ಮ ಮಗನ ಬೆನ್ನು ತಟ್ಟಿ.

ಅದೇ ತಂದೆ: ಆ ಹುಡುಗಿಯ ಮನೆಯವರಿಗೆ ನಾನೇ ಹೇಳಲೇ?

ಉತ್ತರ: ಬೇಡ ಸರ್, 1098ರವರಿಗೆ ಅಥವಾ ಶಾಲೆಯ ಆಪ್ತಸಮಾಲೋಚಕಿಗೆ ಬಿಡಿ, ಮನೆಯವರ ಮೊದಲ ಸಿಟ್ಟು ಆ ಮಗುವಿನ ಮೇಲೆ ತಿರುಗದಂತೆ ಅವರು ಹೇಳಬಲ್ಲರು. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯ ಮಾಹಿತಿಯೂ ಅವರ ಮೂಲಕವೇ ತಲುಪಲಿ. ಅದರಲ್ಲಿ ಚಿತ್ರ ಫೋನಿನಿಂದ ಹೊರಹೋಗುವುದಿಲ್ಲ. ಅದರ ಡಿಜಿಟಲ್ ಗುರುತು ಮಾತ್ರ ಸಿದ್ಧವಾಗಿ, ಒಪ್ಪಿಕೊಂಡಿರುವ ಜಾಲತಾಣಗಳು ಆ ಗುರುತಿನಿಂದ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ಹುಡುಗಿಗೆ ನಿದ್ದೆ, ಊಟ ಬಿಟ್ಟುಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.