ಬ್ಯಾಂಡ್ ಮುಗೀತು, ದುಡ್ಡು ಉಳೀತು. ಈಗ ಲೇಬಲ್ ಮಾಡೋದ್ರಲ್ಲಿ ಅರ್ಥ ಇದೆಯಾ?

ಬೇಸ್‌ತಂತಿ, ಮೈಸೂರು:
ನಾವು ನಾಲ್ವರು. ಎರಡು ವರ್ಷ ಕಾಲೇಜು ಫೆಸ್ಟು, ಗಣೇಶನ ಪೆಂಡಾಲು ಅಂತ ನುಡಿಸಿ ಬಂದ 38,000 ರೂಪಾಯಿ ಹಾಗೇ ಇದೆ. ಗಿಟಾರ್ ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ತು, ಅಲ್ಲಿಗೆ ಬ್ಯಾಂಡ್ ನಿಂತಿತು. ಸ್ವಂತದ್ದು ಆರು ಹಾಡಿವೆ. ನಮ್ಮದೇ ಲೇಬಲ್, ಅಂದ್ರೆ ಹಾಡು ಹೊರತರೋ ಪುಟ್ಟ ಕಂಪನಿ ಮಾಡಿ, ಹೊರಗೆ ತರೋಣ ಅಂತ ನನ್ನಾಸೆ. "ಮುಗಿದ ಬ್ಯಾಂಡಿಗೆ ಲೇಬಲ್ ಯಾಕೋ?" ಅಂತಾನೆ ಡ್ರಮ್ಮರ್. ಏನು ಹೇಳಲಿ?

ತಾಳಮದ್ದಳೆ:
ದುಡ್ಡಿನ ವಿಷಯಕ್ಕೆ ಗೆಳೆತನ ಕೆಡಿಸ್ಕೋಬೇಡಿ ಗುರು. ತಲಾ 9,500 ಹಂಚ್ಕೊಂಡು, ಹಾಡನ್ನ ಯೂಟ್ಯೂಬಿಗೆ ಹಾಕಿ.

ಹಾಸನದ ಹುಡುಗಿ (ಈಗ ಆರ್ಲಿಂಗ್ಟನ್):
ಹಂಚ್ಕೋಬೇಡಿ ಮಾರಾಯ! ನಾನಿರೋದು ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ. ಡಿಸ್ಕಾರ್ಡ್ ರೆಕಾರ್ಡ್ಸ್ ಅನ್ನೋ ಲೇಬಲ್ ಬೆಳೆದಿದ್ದು ಇದೇ ಊರಿನ ಒಂದು ಮನೆಯಲ್ಲಿ, ಹುಟ್ಟಿದ್ದು ಮುಗಿದ ಬ್ಯಾಂಡಿನಿಂದಲೇ. ಪಕ್ಕದ ವಾಷಿಂಗ್ಟನ್‌ನಲ್ಲಿ ಟೀನ್ ಐಡಲ್ಸ್ ಅಂತ ಹೈಸ್ಕೂಲ್ ಹುಡುಗರ ಬ್ಯಾಂಡ್ ಇತ್ತು. ನುಡಿಸಿ ಬಂದ ದುಡ್ಡನ್ನ ಯಾರೂ ಮುಟ್ಟದೆ ಸಿಗಾರ್ ಡಬ್ಬಿಯಲ್ಲಿ ಕೂಡಿಡ್ತಿದ್ದರು. 1980ರ ಕೊನೆಗೆ ಬ್ಯಾಂಡ್ ಒಡೆಯೋ ಹೊತ್ತಿಗೆ ಅದರಲ್ಲಿದ್ದದ್ದು ಸುಮಾರು 600 ಡಾಲರ್. ಹಂಚಿಕೊಳ್ಳಬಹುದಿತ್ತು. ಬದಲಿಗೆ ಬ್ಯಾಂಡಿನ ಇಯನ್ ಮಕಾಯ್, ಜೆಫ್ ನೆಲ್ಸನ್ ಮತ್ತು ಗೆಳೆಯರು ಡಿಸ್ಕಾರ್ಡ್ ಹೆಸರಲ್ಲಿ ಎಂಟು ಹಾಡಿನ ಏಳಿಂಚಿನ ರೆಕಾರ್ಡ್ ಒತ್ತಿಸಿದರು, 1,000 ಪ್ರತಿ.

ಕವರ್ ಮಾಡೋದು ಅವರಿಗೆ ಗೊತ್ತಿರಲಿಲ್ಲ. ಇಂಗ್ಲೆಂಡಿನ ಒಂದು ರೆಕಾರ್ಡಿನ ಕವರನ್ನು ಅಂಟು ಬಿಡಿಸಿ ಹರಡಿ, ಅದೇ ಅಳತೆಗೆ ಮುದ್ರಿಸಿ, ಕತ್ತರಿ ಹಿಡಿದು ಕೂತು ಒಂದೊಂದನ್ನೇ ಕತ್ತರಿಸಿ, ಮಡಚಿ, ಅಂಟಿಸಿದರು. ಇಲ್ಲೊಂದು ಹಳೇ ರೆಕಾರ್ಡ್ ಅಂಗಡಿಯಲ್ಲಿ ಅದನ್ನ ಕೈಯಲ್ಲಿ ಹಿಡಿದಿದ್ದೀನಿ. ಅಡ್ಡಡ್ಡ ಇಟ್ಟ ಎರಡು ಮುಷ್ಟಿ, ಹಿಂಗೈ ಮೇಲೆ ಕಪ್ಪು ಗುಣಾಕಾರದ ಗುರುತು. ಕುಡಿಯೋ ವಯಸ್ಸಾಗದ ಹುಡುಗರು, ಇವರಿಗೆ ಮದ್ಯ ಕೊಡಬೇಡಿ ಅಂತ ಕ್ಲಬ್ಬಿನವರು ಹಾಕ್ತಿದ್ದ ಗುರುತದು. ಕವರಿನ ಒಂದು ಅಂಚು ಸೊಟ್ಟ ಕತ್ತರಿಸಿತ್ತು. ಯಾವನೋ ಹದಿನೆಂಟರ ಹುಡುಗ ನಿದ್ದೆಗಣ್ಣಲ್ಲಿ ಕತ್ತರಿಸಿರಬೇಕು ಅನ್ನಿಸಿ ಗಂಟಲು ಕಟ್ಟಿತು.

ನಿಮ್ಮ ಡ್ರಮ್ಮರ್‌ಗೆ ಉತ್ತರ ಇಲ್ಲಿದೆ: ಆ ಲೇಬಲ್ ಮುಂದೆ ನಿಂತಿದ್ದು ಊರಿನ ಬೇರೆ ಬ್ಯಾಂಡುಗಳಿಗಾಗಿ. ಮೈನರ್ ಥ್ರೆಟ್, ಫುಗಾಜಿ ಎಲ್ಲ ಬಂದದ್ದು ಅಲ್ಲಿಂದಲೇ. ವಾಷಿಂಗ್ಟನ್ ಸುತ್ತಮುತ್ತಲಿನವರಿಗೆ ಮಾತ್ರ ಜಾಗ. ಕರಾರುಪತ್ರ ಇಲ್ಲ, ಬಾಯಿಮಾತೇ, ಲಾಭದಲ್ಲಿ ಬ್ಯಾಂಡಿಗೆ ಪಾಲು. ಆದರೆ ಲೆಕ್ಕ ಚೊಕ್ಕ ಇರಬೇಕು. ಮೊದಲ ದಿನದಿಂದಲೇ ನಾಲ್ವರಿಗೂ ಕಾಣೋ ಹಾಗೆ ಬರೆದಿಡಿ.

ಬೇಸ್‌ತಂತಿ:
ಅಕ್ಕಾ, ಅವನಿಗೆ ಓದಿ ಹೇಳಿದೆ. ಸುಮಾರು ಹೊತ್ತು ಮಾತಿಲ್ಲ. ಆಮೇಲೆ, "ನಮ್ಮ ಜೂನಿಯರ್ ಹುಡುಗರ ಹತ್ರಾನೂ ಮೂರು ಹಾಡಿವೆ ಅಲ್ವಾ?" ಅಂದ.