ರೇಷ್ಮೆಯ ಆಮದು ಸುಂಕ ಇಳಿದರೆ ಶಿಡ್ಲಘಟ್ಟದಲ್ಲಿ ಬಡತನ ಹೆಚ್ಚುತ್ತಾ? ಲೆಕ್ಕ ಹಾಕೋದು ಹೇಗೆ?

ಎಂಎ_ಪ್ರಬಂಧ: 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. 2013ರಲ್ಲಿ ಶೇ 15 ಆಯಿತು, ಆಮೇಲೆ ಶೇ 10ಕ್ಕೆ ಬಂತು, 2021ರಲ್ಲಿ ಮತ್ತೆ ಶೇ 15. ಇದರಿಂದ ರೇಷ್ಮೆ ಗೂಡಿನ ಮಾರುಕಟ್ಟೆಯಿರುವ ಶಿಡ್ಲಘಟ್ಟ ಭಾಗದ ಬಡ ಕುಟುಂಬಗಳಿಗೆ ಏನಾಯಿತು ಎಂದು ಬರೆಯಬೇಕು. ಆದರೆ ಅರ್ಥಶಾಸ್ತ್ರಜ್ಞೆ ಪೆಟಿಯಾ ಟೊಪಲೋವಾ ಅಧ್ಯಯನ ಉದಾರೀಕರಣದಿಂದ ಗ್ರಾಮೀಣ ಬಡವರಿಗೆ ಪೆಟ್ಟು ಬಿತ್ತು ಅನ್ನುತ್ತದೆ, ದೇಶದ ಅಂಕಿ ನೋಡಿದರೆ 1991ರ ನಂತರ ಬಡತನ ಇಳಿದಿದೆ. ಯಾವುದನ್ನು ಹಿಡಿಯಲಿ?

ಗೂಡು_ಲೆಕ್ಕ: ಎರಡೂ ಸರಿ, ಯಾಕೆಂದರೆ ಎರಡೂ ಉತ್ತರಿಸುತ್ತಿರುವ ಪ್ರಶ್ನೆ ಬೇರೆ. 1990ರಲ್ಲಿ ಶೇ 80ಕ್ಕೂ ಮೇಲಿದ್ದ ಸರಾಸರಿ ಸುಂಕ 1996ರ ಹೊತ್ತಿಗೆ ಶೇ 37ಕ್ಕೆ ಬಂತು. ಯಾವ ಜಿಲ್ಲೆಯಲ್ಲಿ ಯಾವ ಉದ್ಯಮದಲ್ಲಿ ಎಷ್ಟು ಜನ ದುಡಿಯುತ್ತಿದ್ದರು ಎಂಬುದನ್ನು 1991ರ ಜನಗಣತಿಯಿಂದ ತೆಗೆದು, ಆ ತೂಕದಲ್ಲಿ ಜಿಲ್ಲಾವಾರು ಸುಂಕ ಕಟ್ಟಿದ್ದಾರೆ ಟೊಪಲೋವಾ. ಸುಂಕ ಹೆಚ್ಚು ಇಳಿದ ಗ್ರಾಮೀಣ ಜಿಲ್ಲೆಗಳಲ್ಲಿ ಬಡತನ ಇಳಿಯುವ ವೇಗ ಉಳಿದ ಜಿಲ್ಲೆಗಳಿಗಿಂತ ಕಡಿಮೆ ಇತ್ತು ಅನ್ನುವುದಷ್ಟೇ ಅದರ ಫಲಿತಾಂಶ. ಎಲ್ಲ ಜಿಲ್ಲೆಗೂ ಸಮನಾಗಿ ಸಿಕ್ಕ ಲಾಭ ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಅದನ್ನು "ಬಡತನ ಹೆಚ್ಚಿತು" ಎಂದು ಬರೆದರೆ ಗೈಡ್ ಮೊದಲ ಪುಟದಲ್ಲೇ ಹಿಡಿಯುತ್ತಾರೆ.

ಈಗ ರೇಷ್ಮೆಗೆ ಬನ್ನಿ. ಮೊದಲು ಸುಂಕದ ಪರಿಣಾಮವನ್ನು ಗೂಡಿನ ರೇಟಿನಲ್ಲಿ ಲೆಕ್ಕ ಹಾಕಿ. ಉದಾಹರಣೆಗೆ ಬಂದರಿನಲ್ಲಿ ನೂಲು ಕೆ.ಜಿ.ಗೆ ₹2,000 ಎಂದುಕೊಳ್ಳಿ (ನಿಜವಾದ ಬೆಲೆ ನೀವೇ ಹಾಕಿಕೊಳ್ಳಿ). ಶೇ 30 ಸುಂಕಕ್ಕೆ ₹2,600, ಶೇ 5ಕ್ಕೆ ₹2,100. ವ್ಯತ್ಯಾಸ ₹500. ಸಿ.ಬಿ. (ಮಿಶ್ರತಳಿ) ಗೂಡಿನ ರೆಂಡಿಟ್ಟಾ 7.5 ಹಿಡಿದರೆ, ಅಂದರೆ ಒಂದು ಕೆ.ಜಿ. ನೂಲಿಗೆ ಏಳೂವರೆ ಕೆ.ಜಿ. ಗೂಡು, ಕೆ.ಜಿ. ಗೂಡಿಗೆ ಸುಮಾರು ₹67 ಹೊಡೆತ. 100 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ಇಲ್ಲಿ ಒಂದು ಲೆಕ್ಕ) 60 ಕೆ.ಜಿ. ಗೂಡು ಬಂದರೆ ಒಂದು ಬೆಳೆಗೆ ₹4,000.

ಇದು ಗರಿಷ್ಠ ಮಿತಿ. ಇಷ್ಟೂ ರೈತನ ಮೇಲೆ ಬೀಳುವುದಿಲ್ಲ. ಚೀನಾದ ನೂಲು ಏಕರೂಪವಾಗಿರುವುದರಿಂದ ಪವರ್‌ಲೂಮ್‌ನ ಹಾಸು ಎಳೆಗೆ (ಉದ್ದ ಎಳೆ) ಹೋಗುತ್ತದೆ, ಚರಕದಲ್ಲಿ ತೆಗೆದ ಸಿ.ಬಿ. ನೂಲು ಹೆಚ್ಚಾಗಿ ಹೊಕ್ಕಿಗೆ (ಅಡ್ಡ ಎಳೆ). ನೇರ ಪೈಪೋಟಿ ಬೈವೋಲ್ಟೀನ್ (ದ್ವಿತಳಿ) ಬಿಳಿ ಗೂಡಿಗೆ. ಹಾಗಾಗಿ ಎರಡು ತಳಿಯ ರೇಟನ್ನು ಬೇರೆ ಬೇರೆ ಇಡಿ. ಸರಾಸರಿ ಮಾಡಿದರೆ ಕಥೆ ಮುಗೀತು. ಆ್ಯಂಟಿ ಡಂಪಿಂಗ್ ಸುಂಕ (ತೀರಾ ಅಗ್ಗಕ್ಕೆ ತಂದು ಸುರಿಯುವ ಸರಕಿಗೆ ಹಾಕುವ ಹೆಚ್ಚುವರಿ ಸುಂಕ) ಯಾವಾಗ ಇತ್ತು, ಯಾವ ದರ್ಜೆಗೆ ಇತ್ತು ಎಂಬುದನ್ನೂ ನೋಡಿ. ಅದು ಮೂಲ ಸುಂಕದ ಪಟ್ಟಿಯಲ್ಲಿ ಇರುವುದಿಲ್ಲ.

ಎಂಎ_ಪ್ರಬಂಧ: ಧನ್ಯವಾದ ಸರ್. ನಷ್ಟ ರೈತನಿಗೋ ರೀಲರಿಗೋ (ಗೂಡಿನಿಂದ ನೂಲು ತೆಗೆಯುವವರು) ಕೂಲಿಯವರಿಗೋ ಅನ್ನೋದನ್ನು ಹೇಗೆ ಹಂಚಲಿ?

ಚಂದ್ರಿಕೆ: ಯಾರು ಕಾಯಬಲ್ಲರು ಅನ್ನೋದನ್ನು ನೋಡಿ. ಹುಳ ಚಂದ್ರಿಕೆಗೆ (ಗೂಡು ಕಟ್ಟಿಸುವ ಬಿದಿರಿನ ತಟ್ಟೆ) ಹತ್ತಿದ ಐದಾರು ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ತರಬೇಕು. ಹತ್ತು ಹನ್ನೆರಡು ದಿನವಾದರೆ ಚಿಟ್ಟೆ ತೂತು ಕೊರೆದು ಹೊರಬರುತ್ತದೆ, ಆ ಗೂಡಿನಲ್ಲಿ ನೂಲು ಎಳೆ ಬಿಡುವುದಿಲ್ಲ. ರೀಲರ್ ಗೂಡಿಗೆ ಬಿಸಿ ಕೊಟ್ಟು ಒಳಗಿನ ಹುಳ ಕೊಂದು, ಒಣಗಿಸಿ ಸ್ವಲ್ಪ ದಿನ ಇಡಬಹುದು, ಇಲ್ಲವೇ ಮರುದಿನದ ಹರಾಜಿನಲ್ಲಿ ಕೂಗು ಇಳಿಸಬಹುದು. ರೈತನಿಗೆ ಎರಡೂ ಇಲ್ಲ. ಹಿಪ್ಪುನೇರಳೆ ತೋಟ ಕೀಳಿಸಿ ಟೊಮೆಟೊ ಹಾಕಬಹುದು, ಆದರೆ ಹುಳುಮನೆಗೆ ಹಾಕಿದ ಸಾಲ ಹಾಗೇ ನಿಲ್ಲುತ್ತದೆ. ಟೊಪಲೋವಾ ಹೇಳುವ ಕಾರಣವೂ ಇದೇ: ದುಡಿಯುವವರು ಒಂದು ಉದ್ಯಮದಿಂದ ಇನ್ನೊಂದಕ್ಕೆ, ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಸರಿಯುವುದಿಲ್ಲ.

ಕೂಲಿಯವರ ವಿಷಯದಲ್ಲಿ ದಿನಗೂಲಿ ಇಳಿಯಿತಾ ಅಂತ ಮಾತ್ರ ಹುಡುಕಬೇಡಿ. ಕೂಲಿ ಇಳಿಯದಿದ್ದರೂ ಕೆಲಸದ ದಿನ ಇಳಿಯಬಹುದು. ರೇಟು ಬಿದ್ದಾಗ ರೈತ 200 ಮೊಟ್ಟೆಯ ಬದಲು 100 ಮೇಯಿಸುತ್ತಾನೆ, ಸೊಪ್ಪು ಕೀಳಲು ಬರುವ ಹೆಣ್ಣಾಳು ಅರ್ಧ ಆಗುತ್ತಾರೆ. ತಾಲ್ಲೂಕಿಗೆ ಚಾಕಿ ಕೇಂದ್ರಗಳಿಂದ (ಮರಿ ಹುಳ ಸಾಕಿ ಕೊಡುವ ಕಡೆ) ಎಷ್ಟು ಮೊಟ್ಟೆಯ ಹುಳ ಹೋಯಿತು ಎಂಬ ಅಂಕಿ ಅದಕ್ಕೆ ಒಳ್ಳೆಯ ಸುಳಿವು.

ಮಿಡಿಸೌತೆ_ತುಮಕೂರು: ಒಂದೇ ಕಡೆ ನೋಡಬೇಡಿ. ನೂಲು ಅಗ್ಗವಾದರೆ ದೊಡ್ಡಬಳ್ಳಾಪುರ, ಧರ್ಮಾವರದ ನೇಕಾರರಿಗೆ ಲಾಭ. ಅವರೂ ಬಡವರೇ, ಆದರೆ ನಿಮ್ಮ ಜಿಲ್ಲೆಯ ಲೆಕ್ಕಕ್ಕೆ ಬರುವುದಿಲ್ಲ. ತುಮಕೂರಿನ ಕಡೆ ಕಂಪನಿ ಒಪ್ಪಂದದ ಮೇಲೆ ಬೆಳೆಯುವ ಮಿಡಿಸೌತೆ (ಗರ್ಕಿನ್) ಇದಕ್ಕೆ ಉಲ್ಟಾ ಉದಾಹರಣೆ: ಬೆಳೆದದ್ದು ಬಹುತೇಕ ರಫ್ತಿಗೇ, ಸುಮಾರು 90 ದಿನದ ಬೆಳೆ, ಆಳು ವಿಪರೀತ ಬೇಕು. ಕೆ.ಜಿ.ಗೆ ಎಷ್ಟು ಕಾಯಿ ತೂಗುತ್ತೆ ಅನ್ನೋದರ ಮೇಲೆ ಗ್ರೇಡ್, ಸಣ್ಣ ಕಾಯಿಗೆ ಹೆಚ್ಚು ರೇಟು. ಒಂದು ದಿನ ಕೊಯ್ಲು ತಪ್ಪಿದರೆ ಕಾಯಿ ದಪ್ಪ ಆಗಿ ಕೆಳಗಿನ ಗ್ರೇಡಿಗೆ ಜಾರುತ್ತೆ. ಕಂಪನಿ ಬೇಡ ಅಂದ ಕಾಯನ್ನು ಸಂತೆಯಲ್ಲಿ ಕೇಳೋರಿಲ್ಲ. ರಫ್ತು ಮಾರುಕಟ್ಟೆ ತೆರೆದರೆ ಕೂಲಿ ದಿನ ಹೆಚ್ಚುತ್ತೆ, ಜತೆಗೆ ಒಬ್ಬನೇ ಕೊಳ್ಳುಗನ ಕೈಗೆ ಸಿಕ್ಕಿಬೀಳ್ತಾರೆ.

ಗೂಡು_ಲೆಕ್ಕ: ಅಂಕಿ ತೆಗೆಯುವಾಗ ಒಂದು ಎಚ್ಚರ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೂ ಹಿಂದಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) ಮತ್ತು ಜನಗಣತಿಯಲ್ಲಿ ಶಿಡ್ಲಘಟ್ಟ ಕೋಲಾರದೊಳಗಿದೆ. ಎರಡೂ ಜಿಲ್ಲೆ ಕೂಡಿಸಿ ಹಳೆಯ ಕೋಲಾರ ಮಾಡಿಕೊಂಡೇ ಹೋಲಿಸಿ. 1999-2000ರ ಎನ್‌ಎಸ್‌ಎಸ್ ಸುತ್ತಿನಲ್ಲಿ ಆಹಾರದ ಖರ್ಚಿನ ಪ್ರಶ್ನೆಯನ್ನು 7 ದಿನ ಮತ್ತು 30 ದಿನ ಎರಡೂ ಅವಧಿಗೆ ಕೇಳಿದ್ದರಿಂದ ಹಿಂದಿನ ಸುತ್ತುಗಳ ಜತೆ ನೇರ ಹೋಲಿಕೆ ಬಗ್ಗೆ ದೊಡ್ಡ ತಕರಾರಿದೆ. ನಿಮ್ಮ ಪ್ರಬಂಧಕ್ಕೆ ಎನ್‌ಎಸ್‌ಎಸ್‌ನ ಜಿಲ್ಲಾ ಮಾದರಿ ಹೇಗೂ ಸಣ್ಣದು. ಶಿಡ್ಲಘಟ್ಟ ಮಾರುಕಟ್ಟೆಯ ದಿನದ ಆವಕ ಮತ್ತು ರೇಟನ್ನು 2010ರಿಂದ 2014ರವರೆಗೆ ತೆಗೆದು, 2011 ಮತ್ತು 2013 ಎರಡು ಬಜೆಟ್‌ಗಳ ಆಚೀಚೆ ನೋಡಿ.